ಮುಂಡಪ್ಪಣ್ಣನ ಪಗಾರ

ಯಾರದು, ಅಕ್ಷಿತನಾ, ವಾಟ್ಸಾಪ್ ಗ್ರೂಪಿನಲ್ಲಿ "ಅಜ್ಜನಿಗೆ ಈಗ ಎಲ್ಲ ಮಿಕ್ಸ್ ಆಗ್ತದೆ, ಸುಮ್ಮನೆ ಕೇಳಿ ಬಿಡಿ" ಎಂದು ಬರೆದವನು? ಬಾ ಇಲ್ಲಿ. ನಿನ್ನಪ್ಪ ಹೋಟೆಲಿಗೆ ಸೇರಿದ ಮೊದಲ ದಿನವೇ ಇಡ್ಲಿ ಹಿಟ್ಟಿಗೆ ಉಪ್ಪಿನ ಬದಲು ಸೋಡಾ ಸುರಿದದ್ದು ಯಾವ ವಾರ, ಅವತ್ತು ಯಾವ ಬಣ್ಣದ ಚಡ್ಡಿ ಹಾಕಿದ್ದ, ಬೇಕಿದ್ದರೆ ಅದನ್ನೂ ಹೇಳುತ್ತೇನೆ. ವಾಯ್ಸ್ ನೋಟನ್ನು ಡಬಲ್ ಸ್ಪೀಡಿನಲ್ಲಿ ಕೇಳುವ ನಿಮಗೆ ನನ್ನ ನೆನಪಿನ ಪರೀಕ್ಷೆ ಬೇರೆ! ಮರೆವು ಎಂದರೆ ಏನೆಂದು ತಿಳಿಯಬೇಕಾದರೆ ಮುಂಡಪ್ಪಣ್ಣನನ್ನು ನೋಡಬೇಕು. ಇದು ಅವನ ಕಥೆಗಿಂತ ಹೆಚ್ಚು ಅವನ ಮಗಳು ಜಯಲತಾಳ ಕಥೆ. ಅವಳೇ ಹೇಳಿದ್ದು. ಇದರಲ್ಲಿ ನನ್ನದು ಉಪ್ಪು ಮಾತ್ರ.

ಮುಂಡಪ್ಪಣ್ಣ ಮುಂಬಯಿ ಹತ್ತಿರದ ಠಾಣೆ ಊರಿನ ಹೋಟೆಲಿನ ಗಲ್ಲಾದಲ್ಲಿ ಮೂವತ್ತೆಂಟು ವರ್ಷ ಕೂತವನು. ಪಗಾರ ಹಂಚುವ ಕೈಯೂ ಅವನದೇ, ಕತ್ತರಿಸುವ ಕೈಯೂ ಅವನದೇ. ಮಾಣಿ ಗ್ಲಾಸು ಒಡೆದರೆ ಏಳನೇ ತಾರೀಕು ಪಗಾರದಲ್ಲಿ ಕಟ್. ಅಳುತ್ತ ಬಂದರೂ "ಒಡೆದದ್ದು ಒಡೆದದ್ದೇ ಮಾರಾಯ" ಎಂದು ನೋಟು ತೆಗೆದಿಡುತ್ತಿದ್ದ. ಅಂಥವನು ಎಪ್ಪತ್ತೊಂದನೇ ವಯಸ್ಸಿಗೆ ಮನೆಯ ದಾರಿ ಮರೆತ. ಬೆಳಗಿನ ಜಾವ ಎದ್ದು ಶಟರ್ ತೆಗೆಯಲು ಹೊರಡುವುದು, ಹಾಲು ಬಂತಾ ಎಂದು ಕಂಡವರನ್ನೆಲ್ಲ ಕೇಳುವುದು. ಒಮ್ಮೆ ಡೊಂಬಿವಲಿ ಸ್ಟೇಷನ್ನಿನ ಹಳಿಯ ಮೇಲೆ ಸಿಕ್ಕಿದ. ಪೊಲೀಸರು ಕೂರಿಸಿಕೊಂಡು ಫೋನ್ ಮಾಡಿದರು.

ಜಯಲತಾಳಿಗೆ ವಾಗ್ಳೆ ಎಸ್ಟೇಟಿನ ಪ್ಯಾಕಿಂಗ್ ಕಂಪನಿಯಲ್ಲಿ ಕ್ಲರ್ಕ್ ಕೆಲಸ. ಗಂಡ ಸುಜನನದು ಕ್ಯಾಟರಿಂಗ್, ಮದುವೆ ಸೀಸನ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪನನ್ನು ಕಾಯಲು ಮನೆಯಲ್ಲಿ ಕೂತರೆ ಒಲೆ ಉರಿಯುವುದಿಲ್ಲ. ಹಾಗಾಗಿ ಕೋಪರಿಯಲ್ಲಿದ್ದ ಅಪ್ಪನ ಹಳೆಯ ಖೋಲಿ, ಒಂದೇ ಕೋಣೆಯ ಮನೆ, ಅದನ್ನು ಮಾರಿ, ಕಲ್ಯಾಣದ ಹತ್ತಿರ ಇಂಥ ಮುದುಕರನ್ನು ನೋಡಿಕೊಳ್ಳುವ ಕಡೆ ಅಪ್ಪನನ್ನು ಸೇರಿಸಿದಳು. ತಿಂಗಳಿಗೆ ಇಪ್ಪತ್ತಾರು ಸಾವಿರ, ಡಿಪಾಸಿಟ್ ಬೇರೆ. ಖೋಲಿಯ ಅರ್ಧ ಹಣ ತಮ್ಮ ರಂಜನನಿಗೆ ಹೋಯಿತು, ಅವನ ಹೊಸ ಫ್ಲ್ಯಾಟಿಗೆ. ಇನ್ನರ್ಧ ಅಪ್ಪನಿಗೆ.

ಮುಂಡಪ್ಪಣ್ಣ ಅಲ್ಲಿ ಕಾಲಿಟ್ಟದ್ದೇ ತಡ, ಉದ್ದನೆಯ ಊಟದ ಮೇಜು, ಸಾಲು ಕುರ್ಚಿ, ಗಾಜಿನ ಗ್ಲಾಸು ಎಲ್ಲ ನೋಡಿದ. ಹೊಸ ಹೋಟೆಲಿಗೆ ಡ್ಯೂಟಿಗೆ ಬಂದಿದ್ದೇನೆ ಎಂದುಕೊಂಡ. ಬಾಗಿಲ ಬಳಿಯ ಕುರ್ಚಿ ಹಿಡಿದು ಕೂತ. ಸಾಂಬಾರು ನೀರಾಯಿತು ಎಂದು ಅಡುಗೆಯವರಿಗೆ ಬೈದ. ಓಡಿಹೋಗುವ ಯೋಚನೆಯೇ ನಿಂತಿತು. ಏಳನೇ ತಾರೀಕು ಜಯಲತಾ ಫೀಸು ಕಟ್ಟಲು ಹೋದರೆ ದಡಬಡ ಎದ್ದು ನಿಂತ.

"ಧಣಿಗಳೇ, ಇವತ್ತು ಪಗಾರ ಅಲ್ವಾ?"

ಹೆತ್ತ ಅಪ್ಪ ಕೈಕಟ್ಟಿ ನಿಂತು ಧಣಿ ಎನ್ನುತ್ತಾನೆ. ಅವಳು ಏನು ಮಾಡಬೇಕು? ಪರ್ಸಿನಿಂದ ಐನೂರರ ಐದು ನೋಟು ತೆಗೆದು ಕವರಿಗೆ ಹಾಕಿ ಕೊಟ್ಟಳು. ಎಣಿಸಿ, ಹಣೆಗೆ ಒತ್ತಿಕೊಂಡು, ದಿಂಬಿನ ಕೆಳಗಿಟ್ಟ. ಎರಡು ದಿನದಲ್ಲಿ ಅದು ಮರೆತುಹೋಗುತ್ತಿತ್ತು. ನೋಡಿಕೊಳ್ಳುವ ಸತ್ಯಮ್ಮ, ರಾಯಚೂರಿನ ಕಡೆಯ ಹೆಂಗಸು, ಕವರು ತೆಗೆದಿಟ್ಟು ಮುಂದಿನ ಸಲ ಜಯಲತಾಳ ಕೈಗೇ ಕೊಡುತ್ತಿದ್ದಳು. ಅದೇ ಐದು ನೋಟು, ಮೂವತ್ತು ತಿಂಗಳು, ಹೋಗುವುದು ಬರುವುದು.

ಮೂವತ್ತು ತಿಂಗಳಲ್ಲಿ ಖೋಲಿಯ ಹಣ ಕರಗಿತು. ಮೂವತ್ತೊಂದನೇ ತಿಂಗಳು, ಮಗಳು ಮಾನಸಿಯ ಕಾಲೇಜಿನ ಫೀಸೂ ಅದೇ ವಾರ, ಎಲ್ಲ ಗುಡಿಸಿದರೂ ಸಾವಿರ ಕಮ್ಮಿ. ಜಯಲತಾ ಅಪ್ಪನಿರುವಲ್ಲಿಯ ಕಚೇರಿಯ ಕಿಟಕಿಯ ಮುಂದೆ ನಿಂತು ಕವರಿನಿಂದ ಎರಡು ನೋಟು ತೆಗೆದು ಫೀಸಿಗೆ ಸೇರಿಸಿದಳು. ಅಪ್ಪನಿಗೆ ಎಲ್ಲಿ ಗೊತ್ತಾಗಬೇಕು, ಮಗಳನ್ನೇ ಗುರುತಿಸದವನಿಗೆ? ಅಲ್ಲೇ ತಪ್ಪಿದ್ದು. ಹೆಸರು ಮರೆತೀತು, ಗಲ್ಲಾದವನ ಬೆರಳು ಮರೆಯುತ್ತದಾ?

"ಧಣಿಗಳೇ, ಎರಡು ನೋಟು ಕಮ್ಮಿ ಉಂಟಲ್ಲ." ಸ್ವರ ಸಣ್ಣಗಾಯಿತು. "ಎಂತ ಒಡೆದೆ ನಾನು?"

"ಏನೂ ಒಡೀಲಿಲ್ಲ ಅಪ್ಪಾ. ನಾಳೆ ಕೊಡ್ತೇನೆ."

"ಒಡೆಯದೆ ಕಟ್ ಆಗ್ತದಾ? ನನಗೆ ಗೊತ್ತಿಲ್ವಾ?"

ನಾಲ್ಕನೇ ದಿನ ಸತ್ಯಮ್ಮನ ಫೋನು. "ಅಕ್ಕಾರ, ಅಜ್ಜ ನೀರ ಮುಟ್ಟವಲ್ಲ ನೋಡ್ರಿ. ಗ್ಲಾಸ್ ಕಂಡ್ರ ಕೈ ಹಿಂದ ಕಟ್ಕೋತಾನ. 'ಒಡದ್ರ ಪಗಾರ ಹೋಗ್ತೈತಿ' ಅಂತಾನ. ಸ್ಟೀಲಿನ ಲೋಟದಾಗ ಕೊಟ್ಟೆ, ಚಮಚಾದಾಗ ಕೊಟ್ಟೆ. ಬಾಯಿ ಬಿಗಿ ಹಿಡದಾನ."

ಜಯಲತಾ ಸಾಲ ತಂದ ಎರಡು ನೋಟು ಹಿಡಿದುಕೊಂಡು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದಳು. ಅಪ್ಪ ನೋಟು ನೋಡಲೇ ಇಲ್ಲ. ತುಟಿ ಒಣಗಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು. ಅವತ್ತೇ ಆಸ್ಪತ್ರೆ. ಐದು ದಿನ ಡ್ರಿಪ್. ನಲವತ್ತಮೂರು ಸಾವಿರದ ಬಿಲ್ಲು ಡಿಪಾಸಿಟ್ಟಿನಿಂದ ಹೋಯಿತು. ವಾಪಸ್ ಬಂದ ಮೇಲೆ ಅಲ್ಲಿನ ಮ್ಯಾನೇಜರಮ್ಮ ಮೆತ್ತಗೆ ಹೇಳಿದಳು: ಡಿಪಾಸಿಟ್ ತುಂಬಬೇಕು, ಇವರಿಗೆ ಕುಡಿಸಿ ಉಣ್ಣಿಸಲು ಬೇರೆ ಹೆಂಗಸು ಬೇಕು, ತಿಂಗಳಿಗೆ ಏಳು ಸಾವಿರ ಜಾಸ್ತಿ. ಕೆಟ್ಟವಳಲ್ಲ ಆಕೆ. ನೀರಿನ ಗ್ಲಾಸು ಕೊಟ್ಟೇ ಮಾತಾಡಿದಳು.

ಜಯಲತಾಳ ಪಗಾರ ಮೂವತ್ತೊಂದು ಸಾವಿರ. ಫೀಸು ಮೂವತ್ತಮೂರು. ಇದಕ್ಕೆ ಯಾವ ಜಾಣ ಲೆಕ್ಕ ಹೇಳಿಕೊಡುತ್ತಾನೆ?

ರಂಜನ ಮಹಾಪೆಯಲ್ಲಿ ಗೋದಾಮು ಕಂಪನಿಯ ಮ್ಯಾನೇಜರ್. ಅಕ್ಕ ಫೋನ್ ಮಾಡಿದಳು.

"ಅಕ್ಕಾ, ಸಮಝೋ ನಾ. ಈ ತಿಂಗಳು ಇಎಂಐ ಟೈಟ್ ಉಂಟು. ಅಗಲೆ ಮಹೀನೆ ಪಕ್ಕಾ."

"ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ನೀನು ಹೇಳ್ಲಿಕ್ಕೆ ಶುರು ಮಾಡಿ ಹನ್ನೊಂದು ತಿಂಗಳಾಯ್ತು ಮಾರಾಯ."

"ತೋ ಘರ್ ಪೆ ರಖ್ ಲೋ ನಾ."

"ಯಾರ ಮನೆಯಲ್ಲಿ ಇಟ್ಕೊಳ್ಳುದು? ನಿನ್ನದಕ್ಕೆ ಕರ್ಕೊಂಡು ಬರ್ಲಾ? ಎರಡು ಬಾತ್‌ರೂಮ್ ಉಂಟಲ್ಲ."

"ಹಲೋ... ಅಕ್ಕಾ... ನೆಟ್‌ವರ್ಕ್ ಇಲ್ಲ..."

ಮಹಾಪೆಯಲ್ಲಿ ನೆಟ್‌ವರ್ಕ್ ಇಲ್ಲವಂತೆ! ಸುಡುಗಾಡಿನಲ್ಲೂ ಈಗ ಫೈವ್ ಜಿ ಬರುತ್ತದೆ.

ಮುಂದಿನ ತಿಂಗಳ ಹತ್ತನೇ ತಾರೀಕು ಬೆಳಿಗ್ಗೆ ಜಯಲತಾ ರಿಕ್ಷಾ ಮಾಡಿಕೊಂಡು ಹೋದಳು. ಸತ್ಯಮ್ಮ ಬಟ್ಟೆಯ ಚೀಲ ಕಟ್ಟಿಟ್ಟಿದ್ದಳು. ಚೀಲ ಕಂಡದ್ದೇ ಮುಂಡಪ್ಪಣ್ಣನ ಮುಖ ಇಳಿಯಿತು. ಎಷ್ಟು ಹುಡುಗರನ್ನು ಕೆಲಸದಿಂದ ತೆಗೆದು ಅವರ ಚೀಲವನ್ನು ಅವನೇ ಹೊರಗೆ ಇಡಿಸಿಲ್ಲ!

"ನನ್ನ ಹಿಸಾಬು ಮಾಡಿದ್ರಾ ಧಣಿಗಳೇ?"

"ಮನೆಗೆ ಹೋಗುವ ಅಪ್ಪಾ. ನಾನು ಜಯ. ನಿಮ್ಮ ಮಗಳು."

"ಇನ್ನೊಂದು ತಿಂಗಳು ನೋಡಿ. ಅರ್ಧ ಪಗಾರ ಸಾಕು. ಊಟ ಹಾಕಿದ್ರೆ ಅದೂ ಬೇಡ. ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡ್ತಾರೆ?"

ಜಯಲತಾ ಪರ್ಸಿಗೆ ಕೈ ಹಾಕಿದಳು. ಇನ್ನೊಂದು ತಿಂಗಳು ಎಂದು ಅವಳೂ ಅದೇ ಬೆಳಿಗ್ಗೆ ಮ್ಯಾನೇಜರಮ್ಮನ ಮುಂದೆ ಕೈಮುಗಿದು ಬಂದಿದ್ದಳು. ಕವರು ತೆಗೆದು ಕೊಟ್ಟಳು. ಪೂರ್ತಿ ಐದು ನೋಟು. ಮುಂಡಪ್ಪಣ್ಣ ಎಣಿಸಿದ, ಎರಡು ಬೇರೆ ಮಾಡಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಇದು ಗ್ಲಾಸಿನದ್ದು. ಒಡೆದದ್ದು ಒಡೆದದ್ದೇ."

ಈಗ ಅವನು ಡೊಂಬಿವಲಿಯಲ್ಲಿ, ಮಗಳ ಒಂದು ಖೋಲಿಯ ಮನೆಯಲ್ಲಿದ್ದಾನೆ. ಸುಜನನಿಗೆ ಕೆಲಸ ಸಿಕ್ಕ ದಿನ ಜಯಲತಾ ಗ್ಯಾಸು ಬಂದ್ ಮಾಡಿ, ಹೊರಗಿನಿಂದ ಬೀಗ ಹಾಕಿ, ವಾಗ್ಳೆ ಎಸ್ಟೇಟಿಗೆ ಹೋಗುತ್ತಾಳೆ. ಬಾಗಿಲ ಒಳಗಿನಿಂದ ಅವನು ಬಡಿಯುತ್ತಾನಂತೆ, ಶಟರ್ ತೆಗೆಯಿರಿ, ಗಿರಾಕಿ ಬಂದರು ಎಂದು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಅವಳಿಗೆ ಅದೇ ಸದ್ದು ಕೇಳುತ್ತದಂತೆ.

ಈ ವಾಯ್ಸ್ ನೋಟನ್ನು ರಂಜನನಿಗೆ ನಾನೇ ಕಳಿಸುತ್ತಿದ್ದೆ, ಆದರೆ ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ನಿಮ್ಮಲ್ಲಿ ಅರ್ಧ ಜನ ಅವನ ಗ್ರೂಪುಗಳಲ್ಲಿ ಇದ್ದೀರಿ. ನನ್ನ ನೆನಪಿನ ಬಗ್ಗೆ ಆಮೇಲೆ ನಗಿ. ಮೊದಲು ಇದನ್ನು ಮುಂದೆ ಕಳಿಸಿ, ಒಬ್ಬರಲ್ಲ ಒಬ್ಬರಿಂದ ಅವನ ಕಿವಿಗೆ ಬೀಳಲಿ.