ಗುಳಿಗೆ ನಿಲ್ಲಿಸುವ ದಿನ

ಜ್ವರ ಬಿಟ್ಟಿತೆಂದರೆ ಗುಳಿಗೆಯನ್ನೂ ಬಿಡುವುದು ನಮ್ಮ ಸವಣೂರಿನವರ ರೂಢಿ. ಉಳಿದ ಗುಳಿಗೆಯನ್ನು ಮುಂದಿನ ಜ್ವರಕ್ಕೆಂದು ಗೋಡೆಯ ಗೂಡಿನಲ್ಲಿ ಇಡುತ್ತೇವೆ, ಮಹಾ ಜಾಣರು! ಪಕ್ಕದ ಮನೆಯ ಕುಲಸುಮಬಿ ಇದೇ ಜಾಣತನವನ್ನು ಮೊಮ್ಮಗಳ ರಕ್ತದ ಕ್ಯಾನ್ಸರಿಗೂ ತೋರಿಸಲು ಹೊರಟಿದ್ದಳು.

ಅದು 1983. ಏಳು ವರ್ಷದ ಮುಮ್ತಾಜಳಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳಿಂದ ಔಷಧ ನಡೆದಿತ್ತು. ಜ್ವರ ಹೋಯಿತು, ಮೈಮೇಲಿನ ನೀಲಿ ಕಲೆ ಹೋದವು, ಹುಡುಗಿ ರೊಟ್ಟಿ ಕೇಳಿ ತಿನ್ನತೊಡಗಿದಳು. ಜೊತೆಗೆ ತಲೆಗೂದಲೂ ಹೋಯಿತು.

"ಬ್ಯಾನಿ ಹೋತು. ಈಗ ಔಷಧಾನ ಬ್ಯಾನಿ ಆಗೇತಿ. ಇನ್ನ ಆಸ್ಪತ್ರಿ ಬ್ಯಾಡ" ಎಂದಳು ಕುಲಸುಮಬಿ. ಅವಳ ಮಗ, ಹುಡುಗಿಯ ಅಪ್ಪ ಶಹಾಬುದ್ದೀನ ತಾಯಿಯ ಮುಂದೆ ಬಾಯಿ ತೆರೆಯುವವನಲ್ಲ. ನಾನು ಹೇಳಹೋದರೆ, "ಮಹಾದೇವಕ್ಕ, ನಿನ್ನ ಮೊಮ್ಮಗಳ ತಲಿ ಬೋಳಾಗಿದ್ರ ತಿಳೀತಿತ್ತು ನಿನಗ" ಎಂದು ಬಾಯಿ ಮುಚ್ಚಿಸಿದಳು.

ಪುಣ್ಯಕ್ಕೆ ಆ ವಾರವೇ ಅವಳ ತಂಗಿಯ ಮಗಳು ನಸೀರಾ ಮುಂಬಯಿಯಿಂದ ಬಂದಳು. ಧಾರವಾಡದಲ್ಲಿ ಓದಿ, 1971ರಲ್ಲಿ ಮುಂಬಯಿಯ ಪ್ರಯೋಗಾಲಯ ಸೇರಿದವಳು. ರಕ್ತದ ಕ್ಯಾನ್ಸರಿನ ಜೀವಕೋಶಗಳು ಹೇಗೆ ಸಾಯುತ್ತವೆ ಎಂಬುದೇ ಅವಳ ಸಂಶೋಧನೆ. "ಸಾಯೂದನ್ನ ಕಲಿಯಾಕ ಮುಂಬಯಿಗೆ ಯಾಕ ಹೋಗ್ಬೇಕು? ಸವಣೂರಾಗ ಯಾರೂ ಸಾಯೂದಿಲ್ಲೇನು?" ಎಂದು ಓಣಿಯೆಲ್ಲ ನಕ್ಕಿತ್ತು. ನಗುವವರು ನಕ್ಕರು, ಅವಳು ಹಿಡಿದ ಕೆಲಸ ಬಿಡಲಿಲ್ಲ. ಆ ಹುಡುಗಿಯ ಮೇಲೆ ನನಗೆ ಬಹಳ ಅಭಿಮಾನ.

"ಖಾಲಾ, ನಾ ಡಾಕ್ಟರಲ್ಲ, ಆದ್ರ ಈ ಬ್ಯಾನಿ ನನಗ ಗೊತ್ತೈತಿ" ಎಂದಳು ನಸೀರಾ ದೊಡ್ಡಮ್ಮನಿಗೆ. "ಮೈಯಾಗಿನ ಜೀವಕೋಶ ಹಳೇವಾದ್ರ ತಾವ ಸಾಯ್ತಾವ, ಹೊಸಾವು ಬರ್ತಾವ. ಈ ಕೆಟ್ಟ ಕೋಶ ಸಾಯೂದನ್ನ ಮರತಾವ, ಬರೇ ಬೆಳೀತಾವ. ಔಷಧ ಅವನ್ನ ಸಾಯಸ್ತೈತಿ. ಕೂದಲಿನ ಬೇರೂ ಲಗೂನ ಬೆಳಿಯೂವು, ಅದಕ್ಕ ಅವಕ್ಕೂ ಪೆಟ್ಟು ಬೀಳ್ತೈತಿ. ಕೂದಲಾ ಮತ್ತ ಬರ್ತಾವ."

"ರಕ್ತದಾಗ ಈಗ ಏನೂ ಕಾಣೂದಿಲ್ಲ ಅಂತ ಡಾಕ್ಟರ ಹೇಳ್ಯಾರಲ್ಲ! ಮತ್ಯಾಕ?"

ಕುಲಸುಮಬಿ ವೀಳ್ಯದೆಲೆ ಮಾರುವವಳು. ಮಾತಾಡುತ್ತಲೇ ಬುಟ್ಟಿಯ ಎಲೆ ತಿರುವಿ ಹಾಕಿ, ಕೊಳೆತದ್ದನ್ನು ಆರಿಸುತ್ತಿದ್ದಳು.

"ನಿನ್ನೇನೂ ಆರಿಸಿದ್ದಿ, ಇವತ್ತ ಮತ್ಯಾಕ ಆರಸ್ತಿ, ಖಾಲಾ?"

"ಕಣ್ಣು ತಪ್ಪಿಸಿ ಒಂದ ಕೊಳತ ಎಲಿ ಉಳದ್ರ ಸಾಕು, ಬುಟ್ಟೀನ ಹಾಳು. ಇಷ್ಟೂ ಗೊತ್ತಿಲ್ಲೇನು ನಿನಗ?"

"ಗೊತ್ತೈತಿ. ಪ್ರಯೋಗಾಲಯದಾಗ ಈ ಕೋಶ ಬೆಳಸೂ ಗಾಜಿನ ತಟ್ಟ್ಯಾಗ ನಾ ಅದನ್ನ ಕಣ್ಣಾರೆ ನೋಡೇನಿ. ಎಲ್ಲಾ ಸತ್ತಾವ ಅಂತ ಔಷಧ ನಿಲ್ಲಸಿದ್ರ, ಕಾಣದಂಗ ಉಳದ ನಾಕೈದು ಮತ್ತ ತಟ್ಟಿ ತುಂಬ್ತಾವ. ತಿರುಗಿ ಬಂದ ಬ್ಯಾನಿ ಔಷಧಕ್ಕ ಬಗ್ಗೂದು ಕಷ್ಟ. ಎಲ್ಲಾ ಮಕ್ಕಳೂ ಉಳೀತಾರ ಅಂತ ನಾ ಸುಳ್ಳ ಹೇಳೂದಿಲ್ಲ. ಆದ್ರ ನಡುವ ಬಿಟ್ರ, ಇರೂ ಆಸೇನೂ ಕೈಬಿಟ್ಟಂಗ."

ಕುಲಸುಮಬಿಯ ಕೈ ನಿಂತಿತು. "ಯಾ ಅಲ್ಲಾ, ಎಂಥಾ ಕೆಲಸ ಮಾಡ್ತಿದ್ದೆ ನಾ" ಎಂದು ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಮರುದಿನ ಮೊದಲ ಬಸ್ಸಿಗೆ ತಾನೇ ಮಗುವನ್ನು ಕರೆದುಕೊಂಡು ಹೊರಟಳು.

ಔಷಧ ಮೂರು ವರ್ಷ ಬಿಡದೆ ನಡೆಯಿತು. ನಡುವೆ ಜ್ವರ ಬಂದಾಗಲೆಲ್ಲ ತಡಮಾಡದೆ ಆಸ್ಪತ್ರೆಗೆ ಓಡಿದರು. ಕೂದಲು ಬಂತು, ಹುಡುಗಿ ಶಾಲೆಗೂ ಹೋಗತೊಡಗಿದಳು. ಕೊನೆಗೆ ಒಂದು ದಿನ ಡಾಕ್ಟರು, "ಇನ್ನ ಗುಳಿಗಿ ಸಾಕ್ರಿ" ಎಂದರು.

ಕುಲಸುಮಬಿ ಒಪ್ಪಬೇಕಲ್ಲ! "ಇನ್ನೊಂದ ತಿಂಗಳದ್ದರ ಕೊಡ್ರಿ ಸಾಹೇಬ್ರ. ಎಲ್ಲ್ಯರ ಒಂದು ಅಡಗಿ ಕುಂತಿದ್ರ?"

"ಸಾಕಂದ್ರ ಸಾಕು, ಅಮ್ಮಾ. ತಪಾಸಣಿಗೆ ಅಷ್ಟ ಬರ್ರಿ."

ಅಲ್ಲೇ ಬೆಂಚಿನ ಮೇಲೆ ಕುಳಿತು ಅವಳು ಗಳಗಳ ಅತ್ತಳು. ಜೊತೆಗೆ ಹೋಗಿದ್ದ ನಾನೂ ಅತ್ತೆ.

ತಾಯಂದಿರೇ, ಅಣ್ಣತಮ್ಮಂದಿರೇ, ಮಗುವಿಗೆ ಬಹಳ ದಿನ ಜ್ವರ ಬಿಡದಿದ್ದರೆ, ಮುಖ ಬಿಳಿಚಿದರೆ, ಪೆಟ್ಟಾಗದೆ ಮೈಮೇಲೆ ನೀಲಿ ಕಲೆ ಎದ್ದರೆ ಆಸ್ಪತ್ರೆಗೆ ಒಯ್ಯಿರಿ, ರಕ್ತ ಪರೀಕ್ಷೆ ಮಾಡಿಸಿರಿ. ಔಷಧದ ಬಗ್ಗೆ ಸಂಶಯ ಬಂದರೆ ಡಾಕ್ಟರನ್ನೇ ಕೇಳಿರಿ, ಬೇಕಾದರೆ ಜಗಳ ತೆಗೆಯಿರಿ. ಆದರೆ ಗುಳಿಗೆ ನಿಲ್ಲಿಸುವ ದಿನವನ್ನು ಅವರೇ ಹೇಳಲಿ.