ವಸಂತನ ಕಸಬರಿಗೆ

ವಸಂತನಿಗೆ ಕಸ ಕಂಡರಾಗದು. ಹೆಂಡತಿ ಗುಡಿಸಿದ್ದನ್ನೇ ಮತ್ತೆ ಗುಡಿಸಿ ಬೈಸಿಕೊಳ್ಳುವ ಈ ಮಹಾಶಯ, ಎರಡು ವರ್ಷ ಮಳೆ ಕೈಕೊಟ್ಟಾಗ ಭಾಲ್ಕಿಯ ಒಂದು ಮೇವಿನ ಶಿಬಿರದಲ್ಲಿ ಕಂಪ್ಯೂಟರಿಗೆ ಯಜಮಾನನಾಗಿದ್ದ. ದನ ತಂದವರ ದಾಖಲೆಗಳೆಲ್ಲ ಅದರಲ್ಲಿದ್ದವು; ಔರಾದಿನ ಶಿಬಿರದ ಟ್ಯಾಬಿನಲ್ಲೂ ಅವುಗಳ ನಕಲಿತ್ತು. ಗುಳೆ ಹೋದವರನ್ನು ಆತ ಅಳಿಸುತ್ತಿದ್ದ. ಅಳಿಸಿದರೂ 'ಇದು ಅಳಿಸಿದ್ದು' ಎಂಬ ಗುರುತೊಂದು ಉಳಿಯುತ್ತಿತ್ತು, ಔರಾದಿನ ಟ್ಯಾಬಿಗೂ ಸುದ್ದಿ ಮುಟ್ಟಲಿ ಎಂದು. ವಸಂತನ ಕಣ್ಣಿಗೆ ಅದೂ ಕಸವೇ. ದಾಖಲೆಗಳ ಹಳೆಯ ಪ್ರತಿಗಳ ಜೊತೆಗೆ ಆ ಗುರುತುಗಳನ್ನೂ ಒರೆಸಿಹಾಕಿ ನೆಮ್ಮದಿಯಿಂದ ಚಹಾ ಕುಡಿದ.

ಮರುವಾರ ಕೇಶರಬಾಯಿ ತುಂಬು ಗಬ್ಬದ ಎಮ್ಮೆ ಹಿಡಿದುಕೊಂಡು ಬಂದಳು. ಎಮ್ಮೆಯನ್ನು ನೆರೆಯವರಿಗೆ ಒಪ್ಪಿಸಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದವಳು, ಎಮ್ಮೆ ಈಯುವ ಹೊತ್ತಾಯಿತೆಂದೇ ಮರಳಿದ್ದಳು. ಮನೆಯಲ್ಲಿ ಹಿಡಿ ಮೇವಿರಲಿಲ್ಲ.

"ನಿಮ್ಮ ಹೆಸರ ಇಲ್ಲಲ್ರಿ. ಊರ ಬಿಟ್ಟು ಹೋಗೀರಿ. ಹೊಸಬರನ್ನ ತಗೊಳ್ಳೂದು ಬಂದ್ ಆಗ್ಯದ," ಎಂದ ವಸಂತ.

"ಹೋಗಿ ಬರ್ತೇನ್ರಿ ಅಂತ ನಿಮಗ ಹೇಳೇ ಹೋಗಿದ್ದೆ. ನೀವು ಹೋಗಿದ್ದಷ್ಟೇ ಬರ್ಕೊಂಡ್ರ್ಯಾ?"

ಹೊಸ್ತಿಲು ದಾಟುವಾಗ ಬರೀ 'ಹೋಗ್ತೇನಿ' ಎಂದರೆ ಮಕ್ಕಳನ್ನು ಗದರಿಸುವವನೇ ವಸಂತ. ಹಳೆಯ ಪ್ರತಿ ಹುಡುಕಿದ. ತಾನೇ ಚೊಕ್ಕ ಮಾಡಿದ ಜಾಗದಲ್ಲಿ ಏನು ಸಿಕ್ಕೀತು? ಹೊರಗೆ ಎಮ್ಮೆ ಖಾಲಿ ಗೋದಲಿ ನೆಕ್ಕುತ್ತಿತ್ತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಔರಾದಿನ ಶಿಬಿರದ ಮಚ್ಛೇಂದ್ರ ಬಸ್ಸಿಳಿದು ಬಂದ. ಅಲ್ಲಿ ನೆಟ್‌ವರ್ಕ್ ಸಿಗದೆ ತಿಂಗಳಿಂದ ಸುಮ್ಮನೆ ಬಿದ್ದಿದ್ದ ಟ್ಯಾಬನ್ನು ಕಂಪ್ಯೂಟರಿಗೆ ಜೋಡಿಸಿದ್ದೇ ತಡ, ಅಳಿಸಿದವರೆಲ್ಲ ಸಾಲಾಗಿ ಎದ್ದು ಬಂದರು. ತಡೆಯಲು 'ಇದು ಅಳಿಸಿದ್ದು' ಎಂಬ ಗುರುತೆಲ್ಲಿತ್ತು? ಅವರ ನಡುವೆ ಕೇಶರಬಾಯಿಯೂ ಇದ್ದಳು, ಎಮ್ಮೆ ಸಮೇತ. ವಸಂತ ತಾನೇ ಎದ್ದು ಹೋಗಿ ಎಮ್ಮೆಗೆ ಮೇವು ಹಾಕಿಸಿದ.

ಒಳಗೆ ಬರುವಷ್ಟರಲ್ಲಿ, ತನ್ನ ಪರದೆಯಲ್ಲೂ ಆ ಹೆಸರುಗಳನ್ನು ಕಂಡ ಮೇಲಧಿಕಾರಿ ನಲಿನಿಯ ಫೋನು, ಬೀದರಿನಿಂದ.

"ಹೋದವ್ರೆಲ್ಲಾ ಹ್ಯಾಂಗ ವಾಪಸ್ ಬಂದ್ರು ವಸಂತ? ಈಗಿಂದೀಗ ಎಲ್ಲಾ ಅಳಸ್ರಿ!"

ಹುಟ್ಟುಗುಣ ಎಲ್ಲಿ ಹೋದೀತು, ಬೆರಳು ತಾನಾಗಿಯೇ ಅಳಿಸುವ ಗುಂಡಿಯ ಮೇಲೆ ಹೋಯಿತು. ಕೇಶರಬಾಯಿ ಕಿಟಕಿಯಿಂದ ಇಣುಕಿ ಪರದೆಯ ಮೇಲಿನ ಹೆಸರುಗಳನ್ನು ಓದತೊಡಗಿದ್ದಳು.

"ಪಂಢರಿ ಮಳಿ ಬಿದ್ದ ಮ್ಯಾಲ ಬರ್ತಾನ. ಮೀರಾಬಾಯಿ ಮಗಳ ಬಾಣಂತನ ಮುಗಿಸಿ ಬರ್ತಾಳ…"

ವಸಂತ ಬೆರಳು ಹಿಂದಕ್ಕೆಳೆದುಕೊಂಡ.

"ಅಳಸಂಗಿಲ್ರಿ ಮೇಡಂ," ಎಂದ. "ಇವ್ರ ಹೆಸರ ಮುಂದ 'ಬರೋದು ಬಾಕಿ' ಅಂತ ಬರೀತೇನಿ."