ಮೆರೆಟಳ ಡಬ್ಬಿಗಳು

ಫೆಟು ಚಾಕು ತೂರಿಸಿ ರಟ್ಟಿನ ಪೆಟ್ಟಿಗೆಯ ಅಂಟುಪಟ್ಟಿ ಕತ್ತರಿಸಿದಳು. ಒಳಗಿದ್ದ ಮಾಂಸದ ಡಬ್ಬಿಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ತುಕ್ಕು ಒರೆಸಿ ತಾರೀಖು ಓದಿದಳು. ಅವಧಿ ಮುಗಿದು ಆರು ವರ್ಷವಾಗಿತ್ತು.

ಅಮ್ಮ ಮೆರೆಟಳನ್ನು ದ್ವೀಪದ ರೂಢಿಯಂತೆ ಮನೆ ಮುಂದೆಯೇ ಮಣ್ಣು ಮಾಡಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಪಾದ್ರಿಗಳು, ಅವರ ಹೆಂಡತಿ, ಊರ ಹಿರಿಯರು ಚಾಪೆಯ ಮೇಲೆ ಊಟಕ್ಕೆ ಕಾಯುತ್ತಿದ್ದರು. ಸವಾಯಿ ದ್ವೀಪದಲ್ಲಿ ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ತಂದ ಪೆಟ್ಟಿಗೆಗಳಿಂದಲೇ ಬಡಿಸಬೇಕು, ಮಿಕ್ಕಿದ್ದನ್ನು ಹಂಚಬೇಕು. ಪಾದ್ರಿಗಳ ಎಲೆಯಲ್ಲಿ ಡಬ್ಬಿ ಮಾಂಸ ಇಲ್ಲದಿದ್ದರೆ ಅಮ್ಮನ ಹೆಸರು ಇವತ್ತೇ ಮಣ್ಣುಪಾಲು.

"ಪೆಪೆ ಚಿಕ್ಕಮ್ಮಾ, ಇದು ನೀನು ತಂದದ್ದಲ್ವಾ?"

ಮೆರೆಟಳ ತಂಗಿ ಉಟ್ಟ ಬಟ್ಟೆಯ ಅಂಚಿನಲ್ಲಿ ಬೆವರು ಒರೆಸಿಕೊಂಡಳು. "ಅಯ್ಯೋ, ನಾನೆಲ್ಲಿ ಕೊಂಡೆ! ನನ್ನ ಗಂಡ ಸತ್ತಾಗ ಸೆವೆ ತಂದಿದ್ದ. ಹಾಗೇ ಎತ್ತಿಟ್ಟಿದ್ದೆ."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಸೆವೆ ತಲೆ ಕೆರೆದುಕೊಂಡ. "ನಂಗೂ ನಮ್ಮವ್ವ ಹೋದಾಗ ಬಂದಿದ್ದೇ. ತಂದು ಕೊಟ್ಟಿದ್ದು..." ಪೆಟ್ಟಿಗೆಯ ತಳದತ್ತ ಬೆರಳು ಮಾಡಿದ.

ಫೆಟು ಪೆಟ್ಟಿಗೆ ಮಗುಚಿದಳು. ತಳದಲ್ಲಿ, ತಾನು ಕೊಡುವ ಪ್ರತಿ ಪೆಟ್ಟಿಗೆಗೂ ಅಮ್ಮ ಬಳಿಯುತ್ತಿದ್ದ ನೀಲಿ ಶಿಲುಬೆ ಇತ್ತು. ಇನ್ನೆರಡು ಪೆಟ್ಟಿಗೆ ಸೀಳಿದಳು. ಅವೂ ಹಾಗೆಯೇ ಇದ್ದವು.

*

ಮೀನಿಗೆ ಹೋದ ಅಪ್ಪ ಹೆಣವಾಗಿ ಬಂದ ವರ್ಷ ಮನೆಯ ಮೂಲೆಯಲ್ಲಿ ಜನ ತಂದ ಹದಿನಾಲ್ಕು ಪೆಟ್ಟಿಗೆ ಕೂಡಿದ್ದವು. ಫೆಟುವಿಗೆ ಆಗ ಹನ್ನೆರಡು.

"ಒಂದೇ ಒಂದು ಡಬ್ಬಿ ಅಮ್ಮಾ. ಆರೂ ಮಕ್ಳು ಹಂಚ್ಕೊಂಡು ತಿಂತೀವಿ."

"ನೀವು ತಿಂದು ತೇಗಿ. ನಾಳೆ ಯಾರಾದ್ರೂ ಸತ್ರೆ ನಾನೇನು ಒಯ್ಯಲಿ? ಅಂಗಡಿಯವನು ನಿನ್ನ ಮಾವನಾ, ಪುಕ್ಕಟೆ ಕೊಡೋಕೆ?"

ಹಬ್ಬಕ್ಕೂ ಕೆಸುವಿನ ಗೆಡ್ಡೆ, ಕಾಯಿಹಾಲು, ಉಪ್ಪು. ಸಾವಿನ ಮನೆಗೆ ಮಾತ್ರ ಮೆರೆಟ ಪೆಟ್ಟಿಗೆ ಹೊತ್ತು ತಲೆಯೆತ್ತಿ ನಡೆಯುತ್ತಿದ್ದಳು. ದಿನಸಿ ಖರ್ಚು ಉಳಿಸುವುದರಲ್ಲಿ ಅವಳಿಗೆ ಸಮ ಯಾರೂ ಇಲ್ಲ ಎಂದು ಊರೆಲ್ಲ ಹೊಗಳಿತು. ಮಕ್ಕಳನ್ನು ಯಾರೂ ಕೇಳಲಿಲ್ಲ.

*

ಪೆಪೆ ಅಂಟುಪಟ್ಟಿ ಹುಡುಕಿ ತಂದಳು. "ಮತ್ತೆ ಅಂಟಿಸಿಬಿಡು. ಪಾದ್ರಿಗಳು ಮನೆಗೆ ಒಯ್ಯಲಿ."

"ತಿಂದ್ರೆ ಸಾಯ್ತಾರೆ ಚಿಕ್ಕಮ್ಮಾ!"

"ಇಷ್ಟು ವರ್ಷ ಯಾರೇ ತಿಂದ್ರು?"

ಮಣ್ಣು ಮಾಡಿದ ದಿನವೇ ಅಮ್ಮನ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ಫೆಟು ಎಣಿಸಿರಲಿಲ್ಲ. ಅಳು ಬಂತು, ಅಳಲಿಲ್ಲ. ಗುದ್ದಲಿ ಹಿಡಿದು ಹಿತ್ತಲಿನ ಬಾಳೆಯ ಬುಡದಲ್ಲಿ ಅಗೆಯತೊಡಗಿದಳು.

"ಲೇ, ಎಲ್ಲರಿಗೂ ಕಾಣತ್ತೆ! ಮೆರೆಟಳ ಮಾನ ಹೋಗತ್ತೆ!"

"ಹೋಗ್ಲಿ. ಅವರಿಗೂ ಗೆಡ್ಡೆ ಬಡಿಸು. ನಾವು ತಿಂದಿದ್ದನ್ನೇ ತಿನ್ಲಿ."

ಡಬ್ಬಿಗಳು ಗುಂಡಿಗೆ ಬೀಳುವ ಸದ್ದಿಗೆ ಚಾಪೆಯ ಮೇಲಿದ್ದವರೆಲ್ಲ ಕತ್ತು ತಿರುಗಿಸಿದರು. ಸೆವೆ ಮೆಲ್ಲಗೆ ಬಂದು ಗುದ್ದಲಿ ಇಸಿದುಕೊಂಡ. ಪಾದ್ರಿಗಳು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆ ಎದ್ದು ಹೋದರು.

ಗೆಡ್ಡೆ ಬಡಿಸುವ ಹೊತ್ತಿಗೆ ಆಕೆ ಕೈಗಾಡಿ ತಳ್ಳಿಕೊಂಡು ನೇರ ಹಿತ್ತಲಿನ ಗುಂಡಿಯ ಬಳಿಗೇ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಗಾಡಿಯ ತುಂಬ ಹಳೆಯ ಪೆಟ್ಟಿಗೆಗಳಿದ್ದವು. ಒಂದರ ಪಟ್ಟಿಯನ್ನೂ ಕತ್ತರಿಸಿರಲಿಲ್ಲ.